ಒಬ್ಬಳೇ ಮಾರ್ಗರೆಟ್, ಇಬ್ಬರು ಫಿಲಿಪ್, ಎರಡು ಬರ್ಗಂಡಿ: ಫಿಲಿಪ್ ದ ಬೋಲ್ಡ್ ವಂಶವೃಕ್ಷ

ಪ್ರಶ್ನೆ

ಬರ್ಗಂಡಿಯ ಡ್ಯೂಕ್ ಫಿಲಿಪ್ ದ ಬೋಲ್ಡ್ (1342–1404) ವಂಶವೃಕ್ಷ ಬರೆಯುವಾಗ ಎರಡು ಕಡೆ ಗಂಟು ಬಿದ್ದಿದೆ. ಫ್ಲ್ಯಾಂಡರ್ಸ್‌ನ ಮಾರ್ಗರೆಟ್ ಬರ್ಗಂಡಿಯ ಡ್ಯೂಕ್ ಫಿಲಿಪ್‌ನನ್ನು ಮದುವೆಯಾದದ್ದು 1357 ಅಂತಲೂ ಇದೆ, 1369 ಅಂತಲೂ ಇದೆ. ಯಾವುದು ಸರಿ? 1363ರಲ್ಲೇ ಬರ್ಗಂಡಿ ಸಿಕ್ಕಿದವನಿಗೆ 1384ರಲ್ಲಿ ಇನ್ನೊಮ್ಮೆ ಬರ್ಗಂಡಿ ಬಂದದ್ದು ಹೇಗೆ?

ಉತ್ತರ 1

ಎರಡೂ ಸರಿ. ಮಾರ್ಗರೆಟ್ ಒಬ್ಬಳೇ, ಫಿಲಿಪ್ ಇಬ್ಬರು. ಮೊದಲ ಗಂಡ ಆಗಿನ ಬರ್ಗಂಡಿ ಡ್ಯೂಕ್, ರೂವ್ರ್‌ನ ಫಿಲಿಪ್. 1357ರ ಮದುವೆಯಲ್ಲಿ ಅವನಿಗೆ 10 ವರ್ಷ, ಅವಳಿಗೆ 7. 1361ರ ನವೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ.

ಅವನ ಆಸ್ತಿ ಇಡಿಯಾಗಿ ಒಬ್ಬರ ಕೈ ಸೇರಲಿಲ್ಲ. ಯಾವ ಕಡೆಯಿಂದ ಬಂದಿತ್ತೋ ಆ ಕಡೆಗೇ ಹೋಯಿತು. ತಾಯಿ ಕಡೆಯ ಬುಲೋನ್, ಓವರ್ನ್ ತಾಯಿಯ ಮನೆತನಕ್ಕೆ. ಅಜ್ಜಿ ಕಡೆಯ ಬರ್ಗಂಡಿ ಕೌಂಟಿ (ಕೌಂಟ್ ಆಳುವ ಸೀಮೆ) ಮತ್ತು ಆರ್ಟ್ವಾ ಅಜ್ಜಿಯ ತಂಗಿಗೆ. ಡಿಜೋನ್ ರಾಜಧಾನಿಯಾಗಿದ್ದ ಬರ್ಗಂಡಿ ಡಚಿ (ಡ್ಯೂಕ್ ಆಳುವ ಸೀಮೆ) ಮಾತ್ರ ತಂದೆ ಕಡೆಯವರಿಗೆ. ಡಚಿ ಬೇರೆ, ಕೌಂಟಿ ಬೇರೆ: ಡಚಿ ಫ್ರಾನ್ಸ್ ರಾಜನ ಅಧೀನ, ಈಗ ಫ್ರಾಂಶ್-ಕೊಂಟೆ ಅನ್ನುವ ಕೌಂಟಿ ಆಗ ಜರ್ಮನ್ ಚಕ್ರವರ್ತಿಯ ಅಧೀನ.

ಡಚಿಗೆ ಇಬ್ಬರು ಹಕ್ಕು ಹೂಡಿದರು. ಇಂಗ್ಲಿಷಿನಲ್ಲಿ ಇಬ್ಬರೂ ಬರೀ ‘ಕಸಿನ್’. ನಮ್ಮ ನೆಂಟಸ್ತಿಕೆಯ ಪದ ಹಾಕಿ ನೋಡಿ, ತಕ್ಷಣ ಬಿಡಿಸಿಕೊಳ್ಳುತ್ತದೆ. ಫ್ರಾನ್ಸಿನ ರಾಜ 2ನೇ ಜಾನ್, ರೂವ್ರ್ ಫಿಲಿಪ್‌ನ ತಂದೆಗೆ ಸೋದರತ್ತೆಯ ಮಗ. ನವಾರ್‌ನ ರಾಜ ಚಾರ್ಲ್ಸ್ ಇನ್ನೊಬ್ಬ ಸೋದರತ್ತೆಯ ಮಗಳ ಮಗ. ಆ ಸೋದರತ್ತೆ ಅಕ್ಕ, ಜಾನ್‌ನ ತಾಯಿ ತಂಗಿ. ಹಿರಿತನ ಹಿಡಿದರೆ ಚಾರ್ಲ್ಸ್‌ಗೆ ಸೇರಬೇಕು, ತಲೆಮಾರಿನ ಹತ್ತಿರ ಹಿಡಿದರೆ ಜಾನ್‌ಗೆ. ಜಾನ್ ಎರಡನೆಯದನ್ನು ಹಿಡಿದು ವಶಪಡಿಸಿಕೊಂಡ. 1363ರಲ್ಲಿ ಅದನ್ನು ಕಿರಿಮಗ ಫಿಲಿಪ್ ದ ಬೋಲ್ಡ್‌ಗೆ ಕೊಟ್ಟ. 1356ರ ಪ್ವಾಟಿಯೆ ಯುದ್ಧದಲ್ಲಿ ತಂದೆಯ ಪಕ್ಕ ಬಿಡದೆ ನಿಂತು, ಅವನ ಜೊತೆಗೇ ಸೆರೆಯಾದ 14ರ ಹುಡುಗ ಇವನೇ.

ಉತ್ತರ 2

ಇನ್ನು 1384. ಮಾರ್ಗರೆಟ್ ಫ್ಲ್ಯಾಂಡರ್ಸ್ ಕೌಂಟ್ ಲೂಯಿಯ ಒಬ್ಬಳೇ ವಾರಸುದಾರಳು. ಇಂಗ್ಲೆಂಡಿನ 3ನೇ ಎಡ್ವರ್ಡ್ ತನ್ನ ಮಗ ಎಡ್ಮಂಡ್‌ಗೆ ಅವಳನ್ನು ತಂದುಕೊಳ್ಳಲು ನೋಡಿದ. ಹತ್ತಿರದ ರಕ್ತಸಂಬಂಧವೆಂದು ಪೋಪ್ 5ನೇ ಅರ್ಬನ್ ಅನುಮತಿ ಕೊಡಲಿಲ್ಲ. ಫಿಲಿಪ್‌ಗೂ ಅವಳು ರಕ್ತಸಂಬಂಧಿಯೇ, ಅವನಿಗೆ ಮಾತ್ರ ಸಿಕ್ಕಿತು! ಹುಡುಗಿಯ ತಂದೆ ಲೀಲ್, ದುವೆ, ಓರ್ಶಿ ಪಟ್ಟಣಗಳನ್ನು ಬಿಡಿಸಿಕೊಂಡ ಮೇಲೆಯೇ ಒಪ್ಪಿದ್ದು. 1369ರ ಜೂನ್ 19ರಂದು ಗೆಂಟ್‌ನಲ್ಲಿ ಮದುವೆ.

ಮೇಲೆ ಹೇಳಿದ ‘ಅಜ್ಜಿಯ ತಂಗಿ’ ಈ ಲೂಯಿಯ ತಾಯಿ. ಅವಳು 1382ರಲ್ಲಿ ತೀರಿಕೊಂಡಾಗ ಬರ್ಗಂಡಿ ಕೌಂಟಿ, ಆರ್ಟ್ವಾ ಲೂಯಿಗೆ ಬಂದವು. 1384ರ ಜನವರಿಯಲ್ಲಿ ಅವನೂ ಹೋದ. ಫ್ಲ್ಯಾಂಡರ್ಸ್, ನವೆರ್, ರೆತೆಲ್ ಸೇರಿ ಎಲ್ಲವೂ ಮಾರ್ಗರೆಟ್‌ಗೆ.

ವೃಕ್ಷದಲ್ಲಿ ಇವನ್ನು ಫಿಲಿಪ್‌ನ ಹೆಸರಿನ ಕೆಳಗೆ ಬರೆಯಬೇಡಿ. ಅವನು ಆಳಿದ್ದು ಹೆಂಡತಿಯ ಹಕ್ಕಿನಿಂದ. 1404ರ ಏಪ್ರಿಲ್ 27ರಂದು ಫಿಲಿಪ್ ಹಾಲೆಯಲ್ಲಿ ಸತ್ತಾಗ ಹಿರಿಮಗ ಜಾನ್‌ಗೆ ಡಚಿ ಬಂತೇ ಹೊರತು ಫ್ಲ್ಯಾಂಡರ್ಸ್ ಬರಲಿಲ್ಲ. ಅದು ಸಿಕ್ಕಿದ್ದು 1405ರ ಮಾರ್ಚಿನಲ್ಲಿ ತಾಯಿ ತೀರಿದ ಮೇಲೆ. ಎರಡಕ್ಕೂ 1404 ಎಂದು ಬರೆಯುವುದು ತೀರಾ ಸಾಮಾನ್ಯ ತಪ್ಪು.

ಬದುಕುಳಿದ ಗಂಡುಮಕ್ಕಳಲ್ಲಿ ಎರಡನೆಯವನಾದ ಆಂಟನಿಗೆ ಬ್ರಬಂಟ್ ಬಂದದ್ದೂ ತಾಯಿಯಿಂದಾಗಿಯೇ. ಬ್ರಬಂಟ್‌ನ ಡಚೆಸ್ ಜೊಹಾನ್ನಾ ಮಾರ್ಗರೆಟ್‌ಗೆ ದೊಡ್ಡಮ್ಮ, ಆಕೆಗೆ ಮಕ್ಕಳಿರಲಿಲ್ಲ. ಆಂಟನಿ ಮತ್ತು ಕಿರಿಯವನಾದ ನವೆರ್‌ನ ಫಿಲಿಪ್ ಇಬ್ಬರೂ 1415ರಲ್ಲಿ ಅಜಿನ್‌ಕೋರ್ಟ್ ಯುದ್ಧದಲ್ಲಿ ಸತ್ತರು.

ಪ್ರಶ್ನೆ ಕೇಳಿದವರು

ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ವಂದನೆ. ಡಿಜೋನ್‌ನಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ಮಲಗಿರುವ ಸಮಾಧಿ ಇವರದೇ ತಾನೆ?

ಉತ್ತರ 3

ಅಲ್ಲ, ಅದು ಮಗ ಜಾನ್ ಮತ್ತು ಸೊಸೆ, ಬವೇರಿಯಾದ ಮಾರ್ಗರೆಟ್‌ದು. ಹೆಸರು ಒಂದೇ ಆಗಿ ಎಡವಟ್ಟಾಗುತ್ತದೆ. ಫಿಲಿಪ್ ಸಮಾಧಿ ಅದೇ ಸಭಾಂಗಣದಲ್ಲಿದೆ, ಮೇಲೆ ಅವನೊಬ್ಬನೇ: ಕಾಲ ಬಳಿ ಸಿಂಹ, ತಲೆಯ ಬಳಿ ಶಿರಸ್ತ್ರಾಣ ಹಿಡಿದ ಇಬ್ಬರು ದೇವದೂತರು. ಜಾನ್ ದ ಮಾರ್ವಿಲ್ ಶುರುಮಾಡಿ, ಕ್ಲಾಸ್ ಸ್ಲೂಟರ್ ಮುಂದುವರಿಸಿ, 1410ರಲ್ಲಿ ಕ್ಲಾಸ್ ದ ವರ್ವ್ ಮುಗಿಸಿದ ಕೆಲಸ. ಹೋದರೆ ಮಂಡಿಯೂರಿ ಕೆಳಗಿನ ಸಾಲು ನೋಡಿ. ಸುಮಾರು 40 ಸೆಂ.ಮೀ. ಎತ್ತರದ, ಸಾವಿಗೆ ಅಳುವವರ ಮೂರ್ತಿಗಳು ಕಮಾನುಗಳ ನಡುವೆ ನಡೆಯುತ್ತಿರುತ್ತವೆ. ಕೆಲವರ ಮುಸುಕು ಎಷ್ಟು ಕೆಳಗಿಳಿದಿದೆ ಅಂದರೆ ಮುಖವೇ ಕಾಣುವುದಿಲ್ಲ, ಬಟ್ಟೆಯ ಮಡಿಕೆಯಲ್ಲೇ ಅಳು.

ಮಾರ್ಗರೆಟ್ ಅಲ್ಲಿಲ್ಲ. ಅವಳನ್ನು ಮಣ್ಣು ಮಾಡಿದ್ದು ಲೀಲ್‌ನಲ್ಲಿ, ತಂದೆ ತಾಯಿಯ ಹತ್ತಿರ.