ಜಾರದ ಕುಣಿಕಿಗೆ ನಿಮ್ಮ ಕಡೆ ಏನಂತೀರಿ?

ನಮಸ್ಕಾರ್ರಿ ಎಲ್ಲಾರಿಗೂ. ನಾವು ಹುಬ್ಬಳ್ಳಿ ಮಂದಿ ಏಳೆಂಟು ಜನ ಆಗಾಗ ಬಾದಾಮಿಗೆ ಬಂಡಿ ಹತ್ತಾಕ ಹೋಗ್ತೀವಿ (ಚಕ್ಕಡಿ ಅಲ್ರೀ, ಕಲ್ಲಬಂಡಿ). ಹೊಸಾ ಹುಡುಗ್ರು ಬರಾಕತ್ತ್ಯಾರ, ಅವ್ರಿಗೆ ಕನ್ನಡದಾಗ ಒಂದು ಪುಟ ಬರದು ಕೊಡೋಣು ಅಂತ ಕುಂತೆ, ಮೊದಲನೇ ಗಂಟಿನಾಗ ಸಿಕ್ಕೊಂಡೆ.

ಹಾರ್ನೆಸ್‌ಗೆ (ಸೊಂಟಕ್ಕ, ತೊಡಿಗೆ ಹಾಕ್ಕೊಳ್ಳೋ ಪಟ್ಟಿ) ಹಗ್ಗ ಕಟ್ಟಾಕ ಫಿಗರ್ ಎಯ್ಟ್ ಗಂಟು ಹಾಕ್ತಾರಲ್ಲ, ಅದನ್ನ 'ಎಂಟರ ಗಂಟು' ಅಂತ ಬರದೆ. ಒಬ್ಬಾಕಿ ಹುಡುಗಿ ಕೇಳಿದ್ಲು, ಯಾವ ಎಂಟು ಸರ್ ಅಂತ. ಖರೇನ ಐತಿ, ನಮ್ಮ ೮ಕ್ಕ ಎರಡು ಹೊಟ್ಟಿ ಎಲ್ಲಿ ಅದಾವ? ಅದು ಇಂಗ್ಲಿಷ್ 8ರ ಆಕಾರ. ಅದಕ್ಕ ಅದನ್ನ ಬಿಟ್ಟು 'ಕುಣಿಕಿ' ಅಂದೆ. ಸೊಂಟಕ್ಕ ಕುಣಿಕಿ ಹಾಕ್ಕೊಂಡು ಹತ್ತೂದು ಅಂತ ಮನ್ಯಾಗ ಓದಿ ತೋರಿಸಿದ್ರ ನಮ್ಮವ್ವ, ಸಂಜಿ ಹೊತ್ತಿನ್ಯಾಗ ಎಂಥಾ ಮಾತ ಆಡ್ತೀಯೋ ಅಂತ ಬೈದ್ಲು. ಪೇಪರಿನ್ಯಾಗ ಕುಣಿಕೆ ಅಂದ್ರ ನೇಣ ತಾನ.

ನನ್ನ ಮುಖ್ಯ ಪ್ರಶ್ನೆ ಇಲ್ಲೇ ಐತಿ. ರೋಣದ ಕಡೆ ನಮ್ಮ ಸ್ವಾದರಮಾವ ದನ ಕಟ್ಟೂದು ಸಣ್ಣಾಂವಿದ್ದಾಗಿಂದ ನೋಡೇನಿ. ಗೂಟಕ್ಕ ಜೀರುಗುಣಿಕಿ ಹಾಕಿದ್ರ ನಡೀತೈತಿ, ಜಗ್ಗಿದಷ್ಟು ಬಿಗೀತೈತಿ. ಆದ್ರ ಕೊಳ್ಳಿಗೆ ಹಾಕೋ ಕಣ್ಣಿಗೆ ಅದನ್ನ ಹಾಕಾಕ ಕೊಡ್ತಿದ್ದಿಲ್ಲ, ದನ ಉರ್ಲ ಬಿದ್ದು ಸಾಯ್ತೈತಿ ಅಂತಿದ್ದ. ಅಲ್ಲಿ ಎಷ್ಟ ಜಗ್ಗಿದ್ರೂ ಹಗ್ಗದ ಬಳಿ ಸಣ್ಣದಾಗಬಾರದು. ಬಂಡಿ ಹತ್ತೋರಿಗೂ ಬೇಕಾಗಿದ್ದು ಅಂಥಾದ್ದ. ಜಾರೂದಕ್ಕ ಜೀರುಗುಣಿಕಿ ಅಂತ ಹೆಸರೈತಿ, ಜಾರದ್ದಕ್ಕ ಏನ ಹೆಸರು? ಮಾವನ್ನ ಕೇಳಿದ್ರ 'ಅದು ಗಂಟರೀ ಅಷ್ಟ' ಅಂದ. ಗದಗ, ಹಾವೇರಿ ಕಡೆ ಬ್ಯಾರೆ ಮಾತ ಏನರ ಐತೇನ್ರಿ? ಕಗ್ಗಂಟು ಅನಬ್ಯಾಡ್ರಿ, ಇದನ್ನ ಇಳದ ಮ್ಯಾಲೆ ಬಿಚ್ಚಬೇಕು.

ಇನ್ನೊಂದು. ಹಾಕೂದು ಹೇಳಾಕ ತ್ರಾಸಾಗಲಿಲ್ಲ: ತುದಿಯಿಂದ ಎರಡು ಮೊಳ ಬಿಟ್ಟು 8 ಹಾಕಿ, ತುದಿನ್ನ ಹಾರ್ನೆಸ್‌ನ ಕೆಳಗಿನ ಬಳಿ, ಮ್ಯಾಲಿನ ಬಳಿ ಎರಡರಾಗೂ ತೂರಿಸಿ, ಬಂದ ದಾರ್ಯಾಗನ ವಾಪಸ್ ಹಗ್ಗದ ಮಗ್ಗಲಕ್ಕ ಹಗ್ಗ ಹೊಂದಿಸ್ಕೊಂತ ಹೋಗಿ, ಕಡೀಗೆ ಒಂದು ಗೇಣು ಉಳೀಬೇಕು. ಆಮ್ಯಾಲೆ ಎಳಿ ಒಂದರ ಮ್ಯಾಲೊಂದು ಹತ್ತದಂಗ ಜೋಡೆತ್ತಿನಂಗ ಸಾಲಾಗಿ ಕೂರಿಸಿ ಒಂದೊಂದ ಎಳೀನೂ ಜಗ್ಗಬೇಕು, ಜೊತಿಗಾರ ಬಂದು ಎರಡು, ನಾಲ್ಕು, ಆರು, ಎಂಟು, ಹತ್ತು ಅಂತ ಎಣಸಬೇಕು, ಐದು ಜೋಡಿ ಬರಲಿಲ್ಲಂದ್ರ ಬಿಚ್ಚಿ ಮೊದಲಿಂದ. ಹಿಂಗ ಎಳಿ ಕೂರಸೂದಕ್ಕ ಇಂಗ್ಲಿಷಿನ್ಯಾಗ ಡ್ರೆಸಿಂಗ್ ಅಂತಾರ. 'ಗಂಟು ಸಿಂಗಾರ' ಅಂದ್ರ ನಗ್ತಾರ, 'ನೀಟ ಮಾಡು' ಅಂದ್ರ ಹುಡುಗ್ರು ಮ್ಯಾಲಿಂದಮ್ಯಾಲೆ ಒಮ್ಮೆ ಸವರಿ ಬಿಡ್ತಾರ. ನಮ್ಮವ್ವ ಹೆಳಲ ಹಾಕೋಮುಂದ 'ಎಳಿ ಹೊಂದಸ್ತೀನಿ ತಡಿ' ಅಂತಿರ್ತಾಳ, ಸದ್ಯಕ್ಕ ಅದನ್ನ ಬರದೀನಿ. ನೇಕಾರರ ಮನ್ಯಾವ್ರು ಯಾರರ ಇದ್ರ ಹೇಳ್ರಿ, ಮಗ್ಗದಾಗ ಎಳಿ ಸಾಲ ಮಾಡೂದಕ್ಕ ಏನಂತೀರಿ?