ಅಪ್‌ಡೇಟ್: ಗ್ರಾಹಕರ ಫೋನಿನಲ್ಲಿ ಬಣ್ಣ ಮಂಕಾಗುತ್ತಿದ್ದದ್ದು ಸರಿಹೋಯಿತು

ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಿನಲ್ಲಿ ಚೆನ್ನಾಗಿರುವ ಫೋಟೊ ಗ್ರಾಹಕರ ಫೋನಿನಲ್ಲಿ ಯಾಕೆ ಮಂಕಾಗುತ್ತದೆ ಅಂತ ಹಿಂದೆ ಇಲ್ಲಿ ಕೇಳಿದ್ದೆ. ನಿಮ್ಮ ಊಹೆ ಸರಿ, ಎಕ್ಸ್‌ಪೋರ್ಟ್ (ತಿದ್ದಿದ ಫೋಟೊವನ್ನು ಫೈಲಾಗಿ ಹೊರತೆಗೆಯುವುದು) ಅಡೋಬಿ ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಯಲ್ಲಿ ಆಗುತ್ತಿತ್ತು. ಕಲರ್ ಪ್ರೊಫೈಲ್ (ಫೈಲ್ ಯಾವ ಬಣ್ಣದ ವ್ಯವಸ್ಥೆಯಲ್ಲಿದೆ ಅನ್ನೋ ಮಾಹಿತಿ) ಓದದ ಆ್ಯಪ್‌ಗಳು ಅದನ್ನೂ ಎಸ್‌ಆರ್‌ಜಿಬಿ (ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ವ್ಯವಸ್ಥೆ) ಅಂತಲೇ ತಿಳಿದು ತೋರಿಸುವುದರಿಂದ ಬಣ್ಣ ಸೊರಗುತ್ತದೆ. ಎಸ್‌ಆರ್‌ಜಿಬಿಗೆ ಬದಲಾಯಿಸಿದ ಮೇಲೆ ದೂರು ಬಂದಿಲ್ಲ.

ಈಗ ಪ್ರತಿ ಕೆಲಸಕ್ಕೂ ಎರಡು ಫೋಲ್ಡರ್: 'ಪ್ರಿಂಟ್'ನಲ್ಲಿ ಪೂರ್ಣ ಅಳತೆಯ ಜೆಪೆಗ್, 'ವೆಬ್'ನಲ್ಲಿ ಉದ್ದದ ಬದಿ 2048 ಪಿಕ್ಸೆಲ್. ಎರಡಕ್ಕೂ ಪ್ರಿಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಮಾಡಿಟ್ಟಿದ್ದೇನೆ. ವೆಬ್ ಪ್ರತಿಗೂ 300 ಡಿಪಿಐ (ಮುದ್ರಣದಲ್ಲಿ ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕ) ಬೇಕು ಅಂದವರ ಮಾತು ನನಗೆ ಒಪ್ಪಿಗೆಯಿಲ್ಲ. ಪರದೆಗೆ ಪಿಕ್ಸೆಲ್ ಎಷ್ಟಿವೆ ಅನ್ನೋದಷ್ಟೇ ಲೆಕ್ಕ. ಫೈಲ್ ಹೆಸರಿನ ಕೊನೆಯ ಸಂಖ್ಯೆಗೆ 001, 002 ಅಂತ ಮುಂದೆ ಸೊನ್ನೆ ಸೇರಿಸಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಹೆಸರಿನ ಪ್ರಕಾರ ಜೋಡಿಸುವಾಗ ಕೆಲವು ಕಡೆ 2ಕ್ಕಿಂತ ಮೊದಲು 10 ಬಂದು ಕೂರುತ್ತದೆ.