ಅಂಗಡಿ ಮುಂದೆ ಮಲಗುವ ಹುಡುಗನಿಗೆ ಕೆಲಸ ಕೊಡಬಹುದಾ? ಕೊಟ್ಟರೆ ಹೇಗೆ?

ಪ್ರಶ್ನೆ (ಬೇಕರಿ ನಡೆಸುವವರು, ಮೈಸೂರು): ಮೇಡಂ, ನಮಸ್ಕಾರ. ಎರಡು ತಿಂಗಳಿಂದ ಒಬ್ಬ ಹುಡುಗ ನಮ್ಮ ಬೇಕರಿ ಎದುರಿನ ಬಸ್ ಶೆಲ್ಟರ್‌ನಲ್ಲಿ ಮಲಗುತ್ತಿದ್ದಾನೆ. 19 ವರ್ಷ ಅಂತಾನೆ. ಬಾಲಮಂದಿರದಲ್ಲಿ ಬೆಳೆದವನು, 18 ತುಂಬಿದ ಮೇಲೆ ಹೊರಗೆ ಬಂದನಂತೆ. ಬೆಳಿಗ್ಗೆ ನಾನು ಶಟರ್ ಎತ್ತುವಾಗ ಕೇಳದೆಯೇ ಬಂದು ಕಸ ಗುಡಿಸುತ್ತಾನೆ. ಕೆಲಸಕ್ಕೆ ಇಟ್ಟುಕೊಳ್ಳೋಣ ಅಂತ ಆಸೆ. ಆಧಾರ್ ಕಾರ್ಡ್ ಕಳೆದಿದೆ, ಫೋನ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಸಮಾಜ ಕಾರ್ಯಕರ್ತೆ): ನಮಸ್ಕಾರ ಅಣ್ಣ. ನೀವು ಕೇಳಿದ್ದೇ ನನಗೆ ತುಂಬಾ ಸಂತೋಷ. ವಸತಿ ಇಲ್ಲದವರ ತಂಗುದಾಣದಲ್ಲಿ ಕೆಲಸ ಮಾಡಿ ನಾನು ಕಲಿತ ಒಂದು ಮಾತು ಹೇಳುತ್ತೇನೆ. ಕೆಲಸ ಸಿಗುವುದು ಅಷ್ಟು ಕಷ್ಟವಲ್ಲ. ಮೊದಲ ಸಂಬಳದವರೆಗೆ ಆ ಕೆಲಸದಲ್ಲಿ ಉಳಿಯುವುದು ಕಷ್ಟ.

ನೋಡಿ, ಬೀದಿಯಲ್ಲಿ ಮಲಗುವವನಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಚಪ್ಪಲಿ ಹೋಗುತ್ತೆ, ಚೀಲ ಹೋಗುತ್ತೆ, ಯಾರೋ ಬಂದು ಎಬ್ಬಿಸುತ್ತಾರೆ. ಬೆಳಿಗ್ಗೆ ಸ್ನಾನಕ್ಕೆ ಜಾಗವಿಲ್ಲ. ಇಂಥವನಿಗೆ "ತಿಂಗಳಾದ ಮೇಲೆ ಸಂಬಳ" ಅಂದರೆ ಆ 30 ದಿನ ಅವನು ಏನು ತಿನ್ನಬೇಕು? ಅದಕ್ಕೇ ಮೊದಲ ತಿಂಗಳು ದಿನದ ಲೆಕ್ಕದಲ್ಲಿ ದುಡ್ಡು ಕೊಡಿ. ಆಮೇಲೆ ವಾರಕ್ಕೊಮ್ಮೆ. ಅವನೇ ಕೇಳಿದಾಗ ತಿಂಗಳಿಗೆ ಬದಲಿಸಿ.

ಮಲಗುವ ಜಾಗ ಮೊದಲು ನೋಡಿ. ನಿಮ್ಮ ಕೆಲಸದ ಹುಡುಗರು ಇರುವ ರೂಮಿನಲ್ಲಿ ಒಂದು ಹಾಸಿಗೆ, ಬೀಗ ಹಾಕುವ ಒಂದು ಪೆಟ್ಟಿಗೆ ಸಾಕು. ಅದಾಗದಿದ್ದರೆ ಪಾಲಿಕೆಯ ತಂಗುದಾಣವಿದೆಯಾ ವಿಚಾರಿಸಿ. ಲಕ್ಷ ಜನಸಂಖ್ಯೆಗೆ ಒಂದರಂತೆ ದೊಡ್ಡ ನಗರಗಳಲ್ಲಿ ವರ್ಷವಿಡೀ, ದಿನದ 24 ಗಂಟೆ ತೆರೆದಿರುವ ತಂಗುದಾಣ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹಾಸಿಗೆ ಖಾಲಿ ಇಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡಿ. ಇನ್ನೊಂದು ಎಲ್ಲಿದೆ ಅಂತ ಅಲ್ಲೇ ಕೇಳಿ.

ಇನ್ನು ಅವನು ಬಾಲಮಂದಿರದಿಂದ ಬಂದವನು ಅಂದಿರಲ್ಲ, ಅದು ಬಹಳ ಮುಖ್ಯ. 2015ರ ಬಾಲನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳಲ್ಲಿ ಇಂಥವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಕೊಡುವ ಅವಕಾಶವಿದೆ. ಮಕ್ಕಳ ರಕ್ಷಣೆಗೆಂದು ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಅವನನ್ನು ಕರೆದುಕೊಂಡು ಹೋಗಿ. ಅವನ ಹಳೆಯ ದಾಖಲೆ, ಶಾಲೆಯ ಟಿಸಿ ಎಲ್ಲದರ ಜಾಡು ಅಲ್ಲಿಂದಲೇ ಸಿಗಬಹುದು. ಈ ಹಕ್ಕು ತಮಗಿದೆ ಅಂತ ಎಷ್ಟೋ ಮಕ್ಕಳಿಗೆ ಹೊರಬರುವಾಗ ಯಾರೂ ಹೇಳಿರುವುದೇ ಇಲ್ಲ. ನನಗೆ ಜಾಸ್ತಿ ನೋವಾಗುವುದು ಅದಕ್ಕೇ.

ಆಧಾರ್ ಬಗ್ಗೆ ಚಿಂತೆ ಬೇಡ. ಮೊದಲೊಮ್ಮೆ ಮಾಡಿಸಿದ್ದರೆ ನಂಬರ್ ನೆನಪಿಲ್ಲದಿದ್ದರೂ ಆಧಾರ್ ಕೇಂದ್ರದಲ್ಲಿ ಬೆರಳಚ್ಚಿನಿಂದ ಹುಡುಕಬಹುದು. ಮೊಬೈಲ್ ನಂಬರ್ ಬದಲಿಸಲು ದಾಖಲೆಯನ್ನೂ ಕೇಳುವುದಿಲ್ಲ. ಆದರೆ ಸಿಮ್ ಅವನ ಹೆಸರಲ್ಲೇ ಇರಲಿ, ನಿಮ್ಮ ನಂಬರ್ ಹಾಕಿಸಬೇಡಿ. ನಾಳೆ ಅವನ ಒಟಿಪಿಗೆ ಅವನು ನಿಮ್ಮನ್ನು ಕಾಯುವಂತಾಗಬಾರದು.

ಅದೇ ಬೇಕರಿಯವರು: ಊಟ, ಮಲಗುವ ಜಾಗ ನಾವೇ ಕೊಟ್ಟರೆ ಸಂಬಳದಲ್ಲಿ ಹಿಡಿಯಬಹುದಾ ಮೇಡಂ?

ಉತ್ತರ: ಬೇಡ ಅಣ್ಣ. ಬೇರೆ ಹುಡುಗರಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಇವನಿಗೂ ಕೊಡಿ. ಮನೆಯಿಲ್ಲದವನು ಕೊಟ್ಟಷ್ಟಕ್ಕೆ ದುಡಿಯುತ್ತಾನೆ ಅನ್ನುವುದನ್ನೇ ಅನೇಕರು ಬಳಸಿಕೊಂಡಿದ್ದಾರೆ. ಅದನ್ನು ಅವನು ಆಗಲೇ ಕಂಡಿರುತ್ತಾನೆ. ದುಡ್ಡನ್ನು ನೀವು ಕೂಡಿಡುವುದೂ ಬೇಡ. ಬ್ಯಾಂಕಿನಲ್ಲಿ ಜನಧನ್ ಖಾತೆ ಮಾಡಿಸಿ, ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಬೇಕಿಲ್ಲ. ಪಾಸ್‌ಬುಕ್ ಅವನ ಪೆಟ್ಟಿಗೆಯಲ್ಲಿರಲಿ.

ಪ್ರಶ್ನೆ (ಗ್ಯಾರೇಜ್ ಮಾಲೀಕರು, ಹಾಸನ): ನಾನೂ ಒಬ್ಬನಿಗೆ ಕೆಲಸ ಕೊಟ್ಟಿದ್ದೆ. 500 ರೂಪಾಯಿ ಅಡ್ವಾನ್ಸ್ ತಗೊಂಡು ಮೂರು ದಿನ ಪತ್ತೆ ಇಲ್ಲ. ವಾಪಸ್ ಬಂದಾಗ ಬೈದು ಕಳಿಸಿದೆ. ತಪ್ಪು ಮಾಡಿದೆನಾ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ಸರ್. ಆದರೆ ಅವನು ವಾಪಸ್ ಬಂದ ಅಲ್ವಾ? ಮೋಸ ಮಾಡುವವನಾಗಿದ್ದರೆ 500 ತಗೊಂಡು ವಾಪಸ್ ಬರುತ್ತಿರಲಿಲ್ಲ. ಜ್ವರ ಬಂದಿರಬಹುದು, ಹಳೆ ಸ್ನೇಹಿತರು ಎಳೆದುಕೊಂಡು ಹೋಗಿರಬಹುದು, ಕುಡಿದಿರಲೂಬಹುದು. ನಮ್ಮ ತಂಗುದಾಣದಲ್ಲಿ ಒಬ್ಬ ಮೂರು ಸಲ ಕೆಲಸ ಬಿಟ್ಟು ಹೋದ. ಮೂರೂ ಸಲ ಅವನ ಮೇಸ್ತ್ರಿ ಮೊದಲು "ಊಟ ಆಯ್ತಾ?" ಅಂತಲೇ ಕೇಳಿದರು. ಕೆಲಸದ ಮಾತು ಮರುದಿನ. ನಾಲ್ಕನೇ ಸಲ ಅವನು ಹೋಗಲಿಲ್ಲ. ಈಗ ಟೈಲ್ಸ್ ಹಾಕುತ್ತಾನೆ, ಇನ್ನಿಬ್ಬರ ಜೊತೆ ರೂಮ್ ಮಾಡಿದ್ದಾನೆ. ಎಲ್ಲರ ಕಥೆಯೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನಿಮ್ಮ ಹುಡುಗ ಎಲ್ಲಾದರೂ ಕಂಡರೆ ಮಾತಾಡಿಸಿ.

ಪ್ರಶ್ನೆ (ಗೃಹಿಣಿ, ಮೈಸೂರು): ಹುಡುಗನಿಗೆ 18 ಆಗಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ?

ಉತ್ತರ: ಆಗ ಕೆಲಸದ ಮಾತೇ ಬೇಡಮ್ಮ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳ ಕಲ್ಯಾಣ ಸಮಿತಿ ಮುಂದಿನದನ್ನು ನೋಡುತ್ತದೆ. ಅವರು ಬರುವವರೆಗೆ ಊಟ ಕೊಟ್ಟು ಜೊತೆಯಲ್ಲಿರಿ.

ಬೇಕರಿಯವರು: ಆಯ್ತು ಮೇಡಂ. ಸೋಮವಾರ ಅವನ ಜೊತೆ ಆ ಕಚೇರಿಗೆ ಹೋಗುತ್ತೇನೆ.

ಉತ್ತರ: ಹೋಗಿ ಅಣ್ಣ. ಒಂದೇ ಒಂದು ಕೋರಿಕೆ. ಅಲ್ಲಿ ಪ್ರಶ್ನೆ ಕೇಳಿದಾಗ ಉತ್ತರ ಅವನೇ ಹೇಳಲಿ. ತಡವರಿಸಿದರೂ ಕಾಯಿರಿ. ಹೊರಡುವ ಮುಂಚೆ ಸ್ನಾನಕ್ಕೆ ಬಿಸಿನೀರು, ಒಂದು ಒಗೆದ ಅಂಗಿ ಕೊಟ್ಟರೆ ಅವನಿಗೆ ಮಾತಾಡಲು ಧೈರ್ಯ ಬರುತ್ತದೆ.